ತಡಾ ನಗಾವ

ಕ್ಯಾಂಪಿನ ಸುಬೇದಾರರು ಕಾರಿನ ಚಾವಿ ಕೊಡೂ ಮುಂದ
ಬಾನೆಟ್ಟಿನ ಮ್ಯಾಲೆ ಅಂಗೈ ಇಟ್ಟು ಅಂದ್ರು:
"ಇಪ್ಪತ್ತೆರಡು ವರ್ಷದ ಕುದರಿ, ತಂಗಿ.
ಓಡಸು. ಬಡೀಬ್ಯಾಡ."
ತೊಂಬತ್ತು ಸಾವಿರ ಎಣಿಸಿದೆ, ಬೋನಸ್ಸೂ ಭಿಶಿಯ ರೊಕ್ಕಾನೂ ಕೂಡಿ.
ಉಳದದ್ದು ಹದಿನೆಂಟು ಸಾವಿರ.
ಅಷ್ಟರಾಗ ಟರ್ಬೊ ಕೂಡಬೇಕು.

ಉದ್ಯಮಬಾಗಕ್ಕ ಹೋಗೂ ದಾರ್ಯಾಗ, ಮೂರನೇ ಗೇಟಿನ ಹತ್ತರ
ಬಾಬಾಲಾಲ ಕಿಲ್ಲೇದಾರನ ಗ್ಯಾರೇಜು.
ನಲವತ್ತು ವರ್ಷ ತಗಡು ಬಡದು ಬಡದು
ಕಿವಿ ಎರಡೂ ಮುಚ್ಚ್ಯಾವ.
ಚಾಷ್ಟಿ ಮಾಡಿದರ ತುಟಿ ನೋಡತಾನ,
ಮಾತು ಒಳಗ ಇಳಿಯೂತನಕ ಕಾಯತಾನ,
ಎಲ್ಲಾರೂ ನಕ್ಕು ಮುಗದ ಮ್ಯಾಲೆ
ಒಬ್ಬನ ನಗತಾನ, ಗದಗದ.

ಟರ್ಬೊ ಅಂದ್ರ ಏನು, ಅವ್ವ ಕೇಳಿದಳು.
ಹೊರಗ ಹೋಗೂ ಹೊಗಿ ಸುಮ್ಮನ ಹೋಗಬಾರದು,
ಹೋಗ್ತ ಹೋಗ್ತ ಒಂದು ಗಿರಗಿಟ್ಲಿ ತಿರುವಬೇಕು,
ಆ ಗಿರಗಿಟ್ಲಿ ಹೊರಗಿನ ಗಾಳಿ ಒಳಗ ತುರಕಬೇಕು.
ಅವ್ವ ಅಕ್ಕಿ ಆರಿಸೂದು ಬಿಡಲಿಲ್ಲ:
"ನಿಮ್ಮ ಸೋದರತ್ತಿನೂ ಹಂಗ. ಹೋಗೂ ಮುಂದೂ
ನಾಕು ಮಂದಿಗೆ ಕೆಲಸ ಹಚ್ಚಿ ಹೋಗತಿದ್ದಳು."

ತವಂದಿ ಘಾಟಿನ್ಯಾಗ ಮಗಚಿದ ಡೀಜಲ್ ಗಾಡಿಯ ಟರ್ಬೊ.
ಗುಜರಿಯವ ಆರು ಸಾವಿರ ಅಂದ.
ಶಾಫ್ಟ್ ಹಿಡದು ಅಲ್ಲಾಡಿಸಿದೆ, ಕೂದಲೆಳಿಯಷ್ಟು ಆಟ.
"ಮೂರೂವರಿ" ಅಂದೆ. ಕೊಟ್ಟ.
ಇಂಟರ್‌ಕೂಲರ್ ಅದ ಗಾಡೀದು, ಒಂದು ಮೂಲಿ ಚಪ್ಪಟಿ.
ಆಯಿಲ್ ಪೈಪು, ಕ್ಲಿಪ್ಪು, ತಾಮ್ರದ ದಪ್ಪ ಗ್ಯಾಸ್ಕೆಟ್ಟು:
ಕೆಳಗ ಗೆರಿ ಎಳದು ಕೂಡಿಸಿದರ
ಇನ್ನೂ ನಾಕು ಸಾವಿರ ಉಳದಾವ, ಬಾಬಾಲಾಲನ ಕೂಲಿ.
ಮ್ಯಾನಿಫೋಲ್ಡ್ ಮಾತ್ರ ಎಲ್ಲೂ ಸಿಗಲಿಲ್ಲ.

ಅದಕ್ಕ ನಮ್ಮ ಫೌಂಡ್ರಿಯ ಮನೋಹರ ಸುತಾರ
ಊಟದ ಸೂಟಿಯೊಳಗ ಸಾಗವಾನಿ ತುಂಡಿನ್ಯಾಗ ಪ್ಯಾಟರ್ನ್ ಕೆತ್ತಿದ.
ರಾತ್ರಿ ಪಾಳಿಯ ಕಡೇ ಲ್ಯಾಡಲ್ಲಿನ್ಯಾಗ
ಉಳದಿತ್ತು ಒಂದು ತಂಬಿಗಿಯಷ್ಟು ಕುದಿಯೂ ಬೀಡು.
ಫೋರಮನ್ ಅತ್ತಾಗ ತಿರುಗಿ
ತಂಬಾಕ ತಿಕ್ಕಿದ. ಭಾಳೊತ್ತು ತಿಕ್ಕಿದ.

ನನ್ನ ಕೆಲಸ ಅಲ್ಲಿ, ಬೀಡು ಬಡದು ಕೇಳೂದು.
ಸಣ್ಣ ಸುತ್ತಿಗಿ, ಒಂದು ಏಟು:
ಗಂಟಿಯಂಗ ಅಂದ್ರ ಪಾಸು,
ಒಡದ ಗಡಿಗಿಯಂಗ ಅಂದ್ರ ತಿರುಗಿ ಭಟ್ಟಿಗೆ.
ದಿನಕ್ಕ ಮುನ್ನೂರು ಬಡಿಯೂ ಕೈ
ನಂದ ಮ್ಯಾನಿಫೋಲ್ಡಿಗೆ ಬಂದಾಗ ಅಳಕಿತು.
ಗಂಟಿ.

ಐತವಾರ ನಸುಕಿನ್ಯಾಗ ವಂಟಮೂರಿ ಘಾಟ.
ಓಡಸಾಕಿ ನಾ. ಬಾಜೂಕ ಬಾಬಾಲಾಲ,
ಕಣ್ಣು ಬೂಸ್ಟಿನ ಮುಳ್ಳಿನ ಮ್ಯಾಲೆ.
ಒತ್ತಿದೆ. ಏನಿಲ್ಲ.
ಒಂದು, ಎರಡು,
ರೊಕ್ಕ ನೀರಾಗ ಹೋತು ಅನ್ನೂದರಾಗ
ಹಿಂದಿಂದ ಯಾರೋ ಕುರ್ಚಿ ಸಮೇತ ನೂಕಿದರು,
ಕಬ್ಬಿನ ಲಾರಿ ಒಂದು ಕನ್ನಡಿಯೊಳಗ ಸಣ್ಣದಾತು.

ಆಗ ಕೇಳಿತು,
ಡಬ್ಬಿಯೊಳಗ ಪುಠಾಣಿ ಅಲ್ಲಾಡಿಸಿದಂಗ.
ಬಾಬಾಲಾಲಗ ಕೇಳಲಿಲ್ಲ, ಮುಳ್ಳು ಏರಿದ ಖುಷಿಯೊಳಗಿದ್ದ.
ಕಾಲು ತಗದೆ, ಗಾಡಿ ಬದಿಗೆ ಹಚ್ಚಿದೆ,
ಅವನ ಮೊಣಕಾಲ ಮ್ಯಾಲೆ ಬೆರಳಿಲೆ ಬಡದು ತೋರಿಸಿದೆ:
ಟಕಟಕ, ಟಕಟಕ.
ಒಮ್ಮೆಲೆ ಡಾಕ್ಟರನ ಮುಖ ಆತು ಅವಂದು.
ಟೈಮಿಂಗ್ ಕಡ್ಡಿಯಷ್ಟು ಹಿಂದ ತಿರುವಿದ,
ಆಕ್ಚುಯೇಟರಿನ ವಾಷರ್ ಒಂದು ತಗದು ಕಿಸೇದಾಗ ಹಾಕಿದ.
"ಆಶಿ ಒಂದು ಪೌಂಡ್ ಕಡಿಮಿ ಮಾಡೂಣು."

ಎರಡನೇ ಸಲ ಪುಠಾಣಿ ಇಲ್ಲ. ಬರೇ ಸೀಟಿ.
"ಹೆಂಗೈತಿ ಸಪ್ಪಳ?" ಕೇಳಿದ.
ಹೆಂಗ ಹೇಳಲಿ. ಕುಕ್ಕರಲ್ಲ, ರೈಲಲ್ಲ,
ಹಿಟ್ಟಿನ ಗಿರಣಿಯ ಬೆಲ್ಟೂ ಅಲ್ಲ.
ನಿಲ್ಲಿಸಿ, ಬಾನೆಟ್ಟು ತಗದು, ಅವನ ಅಂಗೈ
ರಬ್ಬರ್ ಪೈಪಿನ ಮ್ಯಾಲೆ ಇಟ್ಟು ಬಂದು
ನಿಂತಲ್ಲೇ ರೇಸ್ ಮಾಡಿದೆ.

ಅವ ಅಲುಗಾಡಲಿಲ್ಲ,
ಏನೋ ಒಳಗ ಇಳಿಯೂತನಕ.
ನಾವು ಹಿಂದ ಹಾಕಿದ ಕಬ್ಬಿನ ಲಾರಿ
ಹಾರ್ನ್ ಹೊಡಕೋತ ನಮ್ಮನ್ನ ದಾಟಿ ಹೋತು.

ಆಮ್ಯಾಲೆ ನಕ್ಕ.