ಹಸು ಮಾರಾಟಕ್ಕಿದೆ

ಅಕ್ಟೋಬರಿನ ಕೊನೆಯ ಶನಿವಾರ. ಸುಪೀರಿಯರ್ ಸರೋವರದ ಕಡೆಯಿಂದ
ಗಾಳಿ ಬೀಸಿದರೆ ಶೆಡ್ಡಿನ ತಗಡು ಹಲ್ಲು ಕಡಿಯುತ್ತದೆ.
ಬಾಗಿಲು ಪೂರ್ತಿ ತೆರೆದೇ ಇಟ್ಟಿದ್ದೇನೆ,
ಸೀಸದ ಹೊಗೆಗಿಂತ ಚಳಿ ವಾಸಿ.

ಗ್ಯಾಸ್ ಒಲೆಯ ಮೇಲೆ ಎರಕದ ಪಾತ್ರೆ.
ಅದರೊಳಗೆ ಡೆಲ್ಮಾರ್ ಕೊಟ್ಟ ಟೈರಿನ ತೂಕದ ತುಣುಕು,
ಚರ್ಚಿನ ಮಾಡಿನಿಂದ ಕಿತ್ತ ಪಟ್ಟಿ,
ಯಾರದೋ ಗಾಳದ ಗುಂಡು.
ಎಲ್ಲ ಮೆತ್ತಗಿನ ಮಂದಿ, ಉಗುರೂರಿದರೆ ಗೆರೆ ಬೀಳುತ್ತದೆ.
ಗಟ್ಟಿ ಮಾಡಲಿಕ್ಕೆ ಅಜ್ಜನ ಬಕೆಟ್ ಇದೆ.

ಅಜ್ಜ ತೌನೊ ನಲವತ್ತು ವರ್ಷ
ಫಿನ್ನಿಶ್ ಪತ್ರಿಕೆಗೆ ಸೀಸದಲ್ಲಿ ಸಾಲು ಎರಕ ಹೊಯ್ದವನು.
ಗಣಿಯವರ ಪತ್ರಿಕೆ, ವಾರಕ್ಕೆರಡು ಸಲ.
ಗಣಿ ಮುಚ್ಚಿತು. ಓದುವವರು ಒಬ್ಬೊಬ್ಬರೇ
ಕೊನೆಯ ಪುಟದ ಕಪ್ಪು ಚೌಕಟ್ಟಿಗೆ ಹೋದರು,
ಆಮೇಲೆ ಪತ್ರಿಕೆಯೂ.
ಬಾಕಿ ಸಂಬಳದ ಬದಲು ಅವನು
ಕೊನೆಯ ಸಂಚಿಕೆಯನ್ನೇ ಹೊತ್ತು ತಂದನಂತೆ, ಎರಡು ಬಕೆಟ್.
ಒಂದನ್ನು ಅಪ್ಪ ಕರಗಿಸಿ ಮುಗಿಸಿದ.
ಇದು ಎರಡನೆಯದು.

ಒಂದೊಂದು ಸಾಲೂ ಬೆರಳುದ್ದದ ಪಟ್ಟಿ,
ಅಂಚಿನಲ್ಲಿ ಹಿಂದುಮುಂದಾಗಿ ನಿಂತ ಅಕ್ಷರ,
ನೆತ್ತಿಯ ಮೇಲೆ ಎರಡೆರಡು ಚುಕ್ಕಿ ಹೊತ್ತ ಸ್ವರ.
ನನಗೆ ಆ ಭಾಷೆಯಲ್ಲಿ ಬರುವುದು ಆರು ಮಾತು:
ಹಾಲು, ಬೆಂಕಿ, ಕತ್ತೆ, ಬಾ, ಮಲಗು, ಸಾಕು.
ಬಚ್ಚಲ ಕನ್ನಡಿಗೆ ಹಿಡಿದರೂ ಸಾಲು ಬಾಯಿ ಬಿಡಲಿಲ್ಲ.

ಹೋದ ವಾರ ಒಂದನ್ನು ಜೇಬಿಗೆ ಹಾಕಿಕೊಂಡು
ಇಂಪಿಯನ್ನು ನೋಡಲು ಹೋದೆ. ತೊಂಬತ್ತೊಂದು.
ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವಳು.
ಕಣ್ಣು ಹೋಗಿದೆ, ಹೆಬ್ಬೆರಳು ಹೋಗಿಲ್ಲ.
ಬಲದಿಂದ ಎಡಕ್ಕೆ ಸವರಿದಳು, ಮತ್ತೊಮ್ಮೆ ಸವರಿದಳು.
ಸಾವಿನ ಸುದ್ದಿಯೋ, ಪದ್ಯವೋ, ಮುಷ್ಕರದ ಕರೆಯೋ,
ನಾನು ಕುರ್ಚಿಯ ತುದಿಗೆ ಬಂದಿದ್ದೆ.
"ಹಸು ಮಾರಾಟಕ್ಕಿದೆ. ಸಾಧು.
ಎಡಗಾಲಲ್ಲಿ ಮಾತ್ರ ಒದೆಯುತ್ತದೆ."
ನಕ್ಕು ನಕ್ಕು ಕೆಮ್ಮಿದಳು, ನರ್ಸು ಓಡಿ ಬಂದಳು.
ಹೊರಡುವಾಗ ಕೈ ತೊಳಿ ಅಂದಳು ಇಂಪಿ.

ಆ ಸಾಲನ್ನು ಎತ್ತಿಡಬೇಕೆಂದಿದ್ದೆ.
ಬಕೆಟ್ಟಿಗೆ ಹಾಕಿದ ಮೇಲೆ ಯಾವುದೆಂದು ತಿಳಿಯಲಿಲ್ಲ.

ಕರಗುವಾಗ ಮೊದಲು ಬುಡ ಕುಸಿಯುತ್ತದೆ.
ಅಕ್ಷರ ಕೊನೆಯ ತನಕ ತಲೆಯೆತ್ತಿಕೊಂಡಿದ್ದು
ಒಮ್ಮೆಲೇ ಕನ್ನಡಿ.
ಜೇನುಮೇಣದ ಚೂರು ಹಾಕಿ ಕಲಕುತ್ತೇನೆ,
ಕಿಟ್ಟ ಮೇಲೆ ಬರುತ್ತದೆ, ಚಮಚದಲ್ಲಿ ತೆಗೆಯುತ್ತೇನೆ.
ಒಂದು ಹನಿ ನೀರು ಬಿದ್ದರೂ ಪಾತ್ರೆ ಮುಖಕ್ಕೆ ಸಿಡಿಯುತ್ತದೆ.
ಸೀಸದ ಹತ್ತಿರ ಅಳಬೇಡ ಎನ್ನುತ್ತಿದ್ದ ಅಪ್ಪ,
ತಮಾಷೆಗಲ್ಲ.

ಅಚ್ಚು ತಣ್ಣಗಿದ್ದರೆ ಗುಂಡಿಗೆ ಸುಕ್ಕು,
ಹೆಚ್ಚು ಕಾದರೆ ಮೈಯೆಲ್ಲ ಹಿಮ ಕೂತಂಥ ಬಿಳುಪು.
ಮೊದಲ ಹನ್ನೆರಡು ಮತ್ತೆ ಪಾತ್ರೆಗೇ ಹೋದವು.
ಹದಿಮೂರನೆಯದು ನೆಟ್ಟಗೆ ಬಂತು.
ಮರದ ಹಿಡಿಯಿಂದ ತಟ್ಟಿ ಬಾಲ ಕತ್ತರಿಸಿ
ಅಚ್ಚು ಬಿಡಿಸಿದರೆ, ಹಳೆ ಟವೆಲ್ಲಿನ ಮೇಲೆ ಟಪ್.
ಅಜ್ಜನೂ ಇದನ್ನೇ ಮಾಡಿದ್ದು. ಅಚ್ಚು, ಎರಕ, ಟಪ್.
ಅವನದು ಓದಲಿಕ್ಕೆ ಬರುತ್ತಿತ್ತು.

ಮೂತಿ ಚಪ್ಪಟೆ. ಲಿವರ್ ರೈಫಲ್ಲಿನ ಕೊಳವೆಯಲ್ಲಿ
ಒಂದರ ಹಿಂದೊಂದು ಸಾಲಾಗಿ ನಿಲ್ಲಬೇಕಲ್ಲ,
ಚೂಪು ಮೂತಿಯವನು ಮುಂದಿನವನ ಬೆನ್ನಿಗೆ ಕುಟ್ಟಿದರೆ
ನಿನ್ನ ಕೈಯಲ್ಲೇ ಎಲ್ಲ ಹೊತ್ತಿಕೊಳ್ಳುತ್ತದೆ.

ರಾತ್ರಿ ಅಡುಗೆಮನೆಯ ಮೇಜಿಗೆ ಸಣ್ಣ ತಕ್ಕಡಿ ಬಂತು.
ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು ಮದ್ದು ತೂಗಿ,
ಐದನೆಯ ಸಲ ದುಡಿಯಲು ಬಂದ ಹಿತ್ತಾಳೆಯ ತೋಟಾಕ್ಕೆ ಸುರಿದು,
ಗುಂಡು ಕೂರಿಸಿ, ಬಾಯಿ ಮಡಿಸಿದೆ.
ಇಪ್ಪತ್ತು. ಸಾಕು.
ಆರು ಮಾತಿನಲ್ಲಿ ಒಂದು ಖರ್ಚಾಯಿತು.

ನವೆಂಬರ್ ಹದಿನೈದು. ಸೀಡರ್ ಜೌಗಿನ ಅಂಚು.
ಗಂಡು ಜಿಂಕೆ ಬಂತು, ಒಂದು ಕಿವಿ ಈಚೆಗೆ, ಒಂದು ಆಚೆಗೆ.
ಲಿವರ್ ಎಳೆದ ಸದ್ದೇ ಅದಕ್ಕೆ ಸಾಕಾಗಿತ್ತು.
ನಾನು ಹೊಡೆದದ್ದು ಅದು ಇದ್ದ ಜಾಗಕ್ಕೆ.

ಸೀಡರಿನ ತೊಗಟೆಯಲ್ಲಿ ಕಿರುಬೆರಳು ಹಿಡಿಸುವ ತೂತು.
ಚಾಕು ತೆಗೆದೆ, ಮತ್ತೆ ಜೇಬಿಗೆ ಹಾಕಿದೆ.
ಒಳಗಿರುವುದು ಯಾವ ಸಾಲೋ,
ಯಾರ ಮದುವೆಯೋ, ಯಾರ ಹಿಟ್ಟಿನ ದರವೋ.

ಟ್ರಕ್ಕಿನ ತನಕ ಎರಡು ಮೈಲಿ, ಮೊಣಕಾಲುದ್ದ ಹಿಮ.
ರೈಫಲ್ ಒದ್ದ ಬಲಭುಜ
ದಾರಿಯುದ್ದಕ್ಕೂ ನೋಯುತ್ತಲೇ ಇತ್ತು.
ಸಾಧು ಅಂದಿದ್ದಳು ಇಂಪಿ.