ಮೂರು ನೀರು

ಲಕ್ವಾ ಹೊಡೆದ ಮ್ಯಾಲೆ ಅತ್ತಿಗೆ
ಬಲಗೈ ಹೋತು, ಮಾತು ಹೋತು.
ಉಳಿದಿದ್ದು ಎಡಗೈ, ಎರಡು ಕಣ್ಣು,
ಮತ್ತ ಅಟ್ಟದ ಮ್ಯಾಲಿನ ಗಡಿಗ್ಯಾಗ
ಹೋದ ಬ್ಯಾಸಿಗಿಗೆ ಆಕಿ ಉಪ್ಪು ಹಚ್ಚಿ ಒಣಗಿಸಿಟ್ಟ
ಒಂದೂವರೆ ಸೇರು ಬೋಟಿ.

ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ಡಾಕ್ಟರಮ್ಮ
ಚೀಟಿ ಮ್ಯಾಲೆ ಗೆರಿ ಎಳೆದು ಹೇಳಿದ್ಲು:
ಉಪ್ಪು ಬ್ಯಾಡ. ಉಪ್ಪಿನಕಾಯಿ ಬ್ಯಾಡ, ಹಪ್ಪಳ ಬ್ಯಾಡ.
ಮೈಗೆ ಬಲ ಬೇಕು, ಪ್ರೋಟೀನು ಕೊಡ್ರಿ.
"ಬೋಟಿ?" ಅಂದೆ.
ಪೆನ್ನು ನಿಂತಿತು.
"ಪ್ರೋಟೀನು ಐತಿ, ಜಿಡ್ಡು ಕಮ್ಮಿ,
ನರಕ್ಕ ಬೇಕಾದ ಬಿ ಹನ್ನೆರಡೂ ಐತಿ.
ಕೊಲೆಸ್ಟ್ರಾಲೂ ಐತಿ, ಸ್ವಲ್ಪ ಕೊಡ್ರಿ. ತಾಜಾ ಇದ್ರ."
ಒಣಗಿಸಿದ್ದು ಅಂತ ನಾ ಹೇಳಲಿಲ್ಲ.

ತಾಜಾ ಬೋಟಿ ನಮ್ಮ ತೆಕ್ಕಲಕೋಟ್ಯಾಗ
ಆಯ್ತಾರ ಮುಂಜಾನೆ ಏಳರೊಳಗ
ಚಮನ್‌ಸಾಬನ ಅಂಗಡ್ಯಾಗ ಖಾಲಿ.
ಅತ್ತಿ ಐದಕ್ಕ ಹೋಗಿ
ಇನ್ನೂ ಬೆಚ್ಚಗಿದ್ದದ್ದನ್ನ ಪುಟ್ಟ್ಯಾಗ ತರ್ತಿದ್ಲು.
ಸುಣ್ಣ ಬಳಿದು, ಬಿಸಿನೀರಾಗ ಅದ್ದಿ,
ಹಳೇ ನಾಕಾಣಿಯಿಂದ ಕೆರೆದು ಕೆರೆದು
ಕರೀದು ಬೆಳ್ಳಗಾಗೋತನ ಬಿಡ್ತಿರಲಿಲ್ಲ.
ಒಂದು ತುಂಡು ಟವೆಲ್ಲಿನಂಗ,
ಒಂದು ಜೇನಹುಟ್ಟಿನಂಗ,
ಇನ್ನೊಂದು ಹಾಳಿ ಹಾಳಿ, ಸಾವಕಾರನ ಲೆಕ್ಕದ ಬುಕ್ಕಿನಂಗ.
ಪ್ರತಿ ಹಾಳಿ ತಿರುವಿ ಹುಲ್ಲು ತೆಗೀಬೇಕು,
ಇಲ್ಲಂದ್ರ ಸಾರೆಲ್ಲ ದೊಡ್ಡಿ ವಾಸನಿ.
ಸಾಲಿ ಮೆಟ್ಟಲ ಹತ್ತದಾಕಿ
ಒಂದು ಹಾಳಿನೂ ಓದದ ಬಿಡ್ತಿರಲಿಲ್ಲ.

ನಾನು?
ನಾ ಹನ್ನೊಂದು ವರ್ಷ ಮೂಗು ಮುಚ್ಚಿದಾಕಿ.

ಗಡಿಗಿ ಇಳಿಸಿ ಆಕಿ ಮುಂದ ಇಟ್ಟು ಕೇಳಿದೆ:
ಎಷ್ಟು ನೀರು ತೊಳೀಲಿ?
ಎಡಗೈ ಒಂದು ಬೆರಳು ಎತ್ತಿತು.
ನಾ ಡಾಕ್ಟರಮ್ಮನ ಕಡೆ ಸೇರಿದೆ. ಮೂರು ನೀರು.
ಮೊದಲನೇದು ಕೆರಿ ನೀರಿನಂಗ ಮಬ್ಬು,
ಎರಡನೇದು ಅಕ್ಕಿ ತೊಳೆದಂಗ,
ಮೂರನೇದ್ರಾಗ ನನ್ನ ಕೈಬಳಿ ಕಂಡವು.
ಹಳೇ ಚಪ್ಪಲಿಯಂಗ ಬಿರುಸಿದ್ದ ತುಂಡು
ಉಬ್ಬಿ, ಮೆತ್ತಗಾಗಿ,
ಮತ್ತ ಹೊಟ್ಟಿಯಾತು.

ಕುಕ್ಕರಿಗೆ ಎಂಟು ಸೀಟಿ.
ಉಪ್ಪಿನ ಜಾಗಾಕ್ಕ ಹುಳಿ ಇರಲಿ ಅಂತ
ಪುಂಡಿಪಲ್ಲೆ ಎರಡು ಸೂಡು,
ಬಳ್ಳೊಳ್ಳಿ ಒಂದು ಗಡ್ಡಿ, ಒಣಕೊಬ್ರಿ, ಸುಟ್ಟ ಉಳ್ಳಾಗಡ್ಡಿ,
ಖಾರ ಆಕಿ ಕಣ್ಣು ಸಾಕು ಅನ್ನೋತನ.
ಓಣಿಗುಂಟ ವಾಸನಿ ನಡೀತು.
ಪಕ್ಕದ ಮನಿ ಗಾಳೆಮ್ಮ ಬಟ್ಟಲ ಹಿಡಕೊಂಡ ಬಂದ್ಲು,
"ಸುಂಕ್ಲಮ್ಮತ್ತಿ ಎದ್ದು ಒಲಿ ಹಚ್ಚಿದಳೇನು?" ಅಂತ.

ಎಡಗೈಲೆ ಉಣ್ಣೋದಿಲ್ಲ, ಹಟ.
ರೊಟ್ಟಿ ಮುರಿದು ರಸದಾಗ ಅದ್ದಿ
ನಾನ ಬಾಯಿಗಿಟ್ಟೆ.
ಒಂದೇ ಕಡೆಯಿಂದ ಅಗಿದ್ಲು, ಬಾಳ ಹೊತ್ತು.
ಮೂರು ತಿಂಗಳು ಕಲ್ಲಾಗಿದ್ದ ನಾಲಿಗಿ
ಹಲ್ಲಿಗೆ ತಾಗಿ, ಜಾರಿ, ಮತ್ತ ತಾಗಿ,
"ಸಪ್ಪ."

ನನ್ನ ಗಂಡ ಅತ್ತ.
ಗಾಳೆಮ್ಮ ಬಟ್ಟಲ ಕೆಳಗಿಟ್ಟು ಕೈ ಮುಗಿದ್ಲು.
ನನಗ ಮಾತ್ರ ಸಿಟ್ಟು ಬಂತು,
ಆಮ್ಯಾಲೆ ನಗು.

ಅವತ್ತಿಂದ ಆಕಿಗೆ ಅದೊಂದೇ ಮಾತು.
ಚಹಾಕ್ಕೂ ಸಪ್ಪ, ಗುಳಿಗಿಗೂ ಸಪ್ಪ,
ಮಾತಾಡಿಸಾಕ ಬಂದ ಬೀಗರಿಗೂ ಸಪ್ಪ.
ಡಾಕ್ಟರಮ್ಮ ಬಿ.ಪಿ. ನೋಡಿ "ಚಲೋ ಐತಿ" ಅಂದ್ರ
ಆಕಿ ಮುಖ ನೋಡೇ ಅಂದ್ಲು.

ಈ ಆಯ್ತಾರ ಐದಕ್ಕ ನಾ ಹೋಗಿದ್ದೆ.
ಹಾಳಿ ಹಾಳಿ ತಿರುವಿ ತೊಳೆದೆ.
ಉಪ್ಪು ಎರಡು ಹಿಡಿ ಅಂತ ಆಕಿ ಬೆರಳು, ಒಂದು ಅಂತ ನಾನು;
ಒಂದೂವರಿಗೆ ಒಪ್ಪಿದ್ವಿ.
ಹಿತ್ತಲ ಗುಂಡಿನ ಮ್ಯಾಲೆ ನಾಕು ಬಿಸಿಲು.
ಆಕಿ ಹೊರಸಿನ ಮ್ಯಾಲೆ ಕುಂತು
ಎಡಗೈಯಾಗ ಕೋಲು ಹಿಡಿದು ಕಾಗಿ ಕಾದ್ಲು.

ಬೋಟಿ ತೆಗೆದ ಮ್ಯಾಲೂ ಕಲ್ಲಿನ ಮ್ಯಾಲೆ
ಬೆಳ್ಳಗ ಉಳಿದಿತ್ತು
ಹೊಟ್ಟಿ ಆಕಾರದ ಉಪ್ಪು.
ಮಾಳಪ್ಪನ ಎರಡು ಕುರಿ ಹಿಂಡು ಬಿಟ್ಟು ಬಂದು
ಅದನ್ನ ನೆಕ್ಕಾಕ ಹತ್ತಿದ್ವು.
ಅತ್ತಿ ಕೋಲು ಎತ್ತಿ ಒದರಿದ್ಲು:
ಸಪ್ಪ! ಸಪ್ಪ!
ಕುರಿ ಕಿವಿ ಅಲ್ಲಾಡಿಸಿದ್ವು,
ನೆಕ್ಕೋದು ಬಿಡಲಿಲ್ಲ.