ಮೂರನೇ ಹೆಣ

ಡಿಸೆಂಬರದಾಗ ವಾಸ್ಕೋದ ಚರ್ಚಿನ ಹಿಂದ
ಸಿನಿಮಾದವರು ನನ್ನ ಕೊಂದರು,
ಎಂಟುನೂರು ರೂಪಾಯಿಗೆ. ಊಟ ಬ್ಯಾರೆ.

ಕೊಲ್ಲಾಂವ ಸಾಂತಾ. ಹತ್ತಿ ಗಡ್ಡ,
ಕೈಯಾಗ ಕೇಕ್ ಕೊಯ್ಯೂ ಚೂರಿ.
ಮೊದಲ ಸಲ ಗಡ್ಡ ಜಾರಿತು, ನಕ್ಕೆ.
"ಹೆಣ ನಗತೈತಿ, ಕಟ್!"
ಎರಡನೇ ಸಲ ಸೀನಿನಾಗ ಸೀನು ಬಂತು.
ಏಳನೇದಕ್ಕ ಸರಿಯಾಗಿ ಸತ್ತೆ
ನಕ್ಷತ್ರದ ದೀಪದ ಕೆಳಗ, ಕಣ್ಣು ತೆರಕೊಂಡು.

ಕೊಂದ ಕಾಯತಾನನೇ ಕೈ ಹಿಡಿದು ಎಬ್ಬಿಸಿ
ಕೊಂಕಣಿಯಾಗ ಕೇಳಿದ, ನೋವಾತೇನು?

ಝುವಾರಿನಗರದ ಬಸ್ಸಿನಾಗ
ಬಾಜೂಕ ಯಾರೂ ಕೂಡಲಿಲ್ಲ.
ಕಂಡಕ್ಟರ್ ತಿಕೀಟೂ ಕೇಳಲಿಲ್ಲ.

ಅವ್ವ ಅಂಗಿ ಮೂಸಿ, ಬೆರಳು ನೆಕ್ಕಿ,
"ಇಷ್ಟು ಪಾಕ ಸುಮ್ಮನ ಚೆಲ್ಯಾರಲ್ಲೋ!" ಅಂತ ಬೈದು
ನಾಳೆ ನಳ ಬಂದಾಗ ಒಗೀತೀನಂತ ಹಗ್ಗಕ್ಕ ಹಾಕಿದಳು.

ಬೆಳಗಾಗೂದರಾಗ
ನಾನು ಸತ್ತ ಜಾಗಕ್ಕ
ಸಾಲು ಹಿಡಿದು ಇರುವಿ ಬಂದಿದ್ದವು.